ಮುಂಬಯಿಗೆ ಹೋದವರ ಕಾರ್ಡುಗಳು

ಕುಂದಾಪುರ
18 ಜೂನ್ 1997

ರತ್ನಾಕರ,

ಮುಂಬಯಿ ಮುಟ್ಟಿದ್ದೀಯಂತೆ. ನಿನ್ನ ಅಣ್ಣ ಹೇಳಿದ್ದರಿಂದ ಗೊತ್ತಾಯಿತು, ನೀನು ಹೇಳಿದ್ದರಿಂದಲ್ಲ. ಆರು ವರ್ಷ ಈ ಗ್ರಂಥಾಲಯದಲ್ಲಿ ನನ್ನ ಸಹಾಯಕನಾಗಿ ದುಡಿದವನಿಗೆ ಒಂದು ಕಾರ್ಡು ಗೀಚಲು ಬಿಡುವಿಲ್ಲ! ಹೋಗುವ ಗಡಿಬಿಡಿಯಲ್ಲಿ ಕ್ಯಾಟಲಾಗಿನ ಡ್ರಾಯರನ್ನು ಹೇಗೆ ಬಿಟ್ಟಿದ್ದೀ ಎಂದರೆ, ಕೃಷಿಯ ಚೀಟಿಗಳ ನಡುವೆ ಕಣ್ಣಿನ ರೋಗಗಳೆಲ್ಲ ಸೇರಿಕೊಂಡಿವೆ. ಎರಡು ದಿನ ಕೂತು ಸರಿಮಾಡಿದೆ. ಒಂದೊಂದು ಚೀಟಿಗೂ ನಿನಗೆ ಒಂದೊಂದು ಬೈಗುಳ ಸಂದಿದೆ.

ಮಧ್ಯಾಹ್ನದ ಪುಸ್ತಕದ ಕಟ್ಟು ಕಟ್ಟುವ ಕೆಲಸವೂ ಈಗ ನನ್ನದೇ. ಎರಡೂವರೆ ಆಗುವುದೇ ತಡ, ಹಾಲಾಡಿ ಬಸ್ಸಿನ ಕಂಡಕ್ಟರ್ ಬಚ್ಚ ಬಾಗಿಲಲ್ಲಿ ನಿಂತು, "ಹ್ವಾಯ್ ವನಜಕ್ಕ, ಕಟ್ಟ್ ಆಯ್ತಾ? ಬಸ್ ಬಿಡುಕಾಯ್ತ್" ಎಂದು ಬೊಬ್ಬೆ ಹಾಕುತ್ತಾನೆ. ಹಾಲಾಡಿ ಪೇಟೆಯಲ್ಲಿ ಪದ್ದುವಿನ ಬಳೆ ಅಂಗಡಿಗೆ ಅದನ್ನು ಮುಟ್ಟಿಸುತ್ತಾನೆ, ಓದುವ ಹೆಂಗಸರು ಅಲ್ಲಿಂದ ಒಯ್ಯುತ್ತಾರೆ. ಬಳೆ ಅಂಗಡಿಗೆ ಹೋದ ಹೆಂಗಸನ್ನು ಯಾರೂ ಏಕೆಂದು ಕೇಳುವುದಿಲ್ಲ ನೋಡು.

ನಿನ್ನೆ ಗಂಗೊಳ್ಳಿಯಿಂದ ಜಲಜ ಎಂಬವಳು ದೋಣಿ ದಾಟಿ ಬಂದಿದ್ದಳು. ಸದಸ್ಯಳಾಗಬೇಕಂತೆ. ಅರ್ಜಿಯಲ್ಲಿ ಜಾಮೀನಿಗೆ ಸಹಿ ಹಾಕುವವರು ಯಾರು ಎಂದರೆ ಮುಖ ಸಣ್ಣದು ಮಾಡಿದಳು. ಗಂಡ ಚಂದಯ್ಯ ಮುಂಬಯಿಯ ಹೋಟೆಲಿನಲ್ಲಿದ್ದಾನೆ. "ಮೈದುನನ ಹತ್ರ ಸೈನ್ ಕೇಂಡ್ರೆ ಊರ್ ತುಂಬಾ ಹೇಳ್ಕಂಡ್ ಬತ್ತ" ಎಂದಳು. ಚಂದಯ್ಯ ಹುಡುಗನಾಗಿದ್ದಾಗ ಮಾಡಿಸಿದ ಕಾರ್ಡು ನಮ್ಮಲ್ಲಿ ಹಾಗೇ ಬಿದ್ದಿತ್ತು. ಅದರಲ್ಲಿ ಎರಡು ಪುಸ್ತಕ ಕೊಟ್ಟು ಕಳಿಸಿದೆ. ಊರು ಬಿಟ್ಟು ಮುಂಬಯಿಗೆ ಹೋದವರ ಕಾರ್ಡುಗಳನ್ನು ರದ್ದು ಮಾಡದೆ ಇಟ್ಟದ್ದು ಹೀಗೆ ಉಪಯೋಗಕ್ಕೆ ಬರುತ್ತಿದೆ. ಈಗ ಎಂಬತ್ತು ಹೆಂಗಸರಾದರೂ ಹೀಗೆ ಓದುತ್ತಿದ್ದಾರೆ. ಸಮಿತಿಯವರಿಗೆ ಗೊತ್ತಾದರೆ ನನ್ನ ಗತಿ ಏನೋ.

ನಿನ್ನ ಕಾರ್ಡನ್ನೂ ರದ್ದು ಮಾಡಿಲ್ಲ. ಬೇಕಿದ್ದರೆ ಹೇಳು, ಮಾಡುತ್ತೇನೆ.

ವನಜ

ಮುಂಬಯಿ
2 ಆಗಸ್ಟ್ 1997

ವನಜಕ್ಕ,

ತಪ್ಪಾಯಿತು, ಕಿವಿ ಹಿಡಿದುಕೊಂಡೆ. ಅಂಧೇರಿಯಲ್ಲಿ ಒಂದು ಔಷಧ ಕಂಪನಿಯ ಗ್ರಂಥಾಲಯದಲ್ಲಿ ಕೆಲಸ. ಗ್ರಂಥಾಲಯ ಎನ್ನುವಂತಿಲ್ಲ, 'ಮಾಹಿತಿ ಕೇಂದ್ರ' ಎನ್ನಬೇಕಂತೆ. ಇಲ್ಲಿ ಯಾರೂ ಪುಸ್ತಕ ಕೇಳುವುದಿಲ್ಲ, ಉತ್ತರ ಕೇಳುತ್ತಾರೆ. ಮಧ್ಯಾಹ್ನದೊಳಗೆ ಇಂಥ ವಿಷಯದ ಮೇಲೆ ಬಂದದ್ದೆಲ್ಲ ಹುಡುಕಿ ಮೇಜಿನ ಮೇಲಿಡು ಎನ್ನುತ್ತಾರೆ, ಇಡುತ್ತೇನೆ. ನೀವು ಕಲಿಸಿದ್ದು ಒಂದೂ ಹಾಳಾಗಿಲ್ಲ. ಸಂಜೆ ಗ್ರಂಥಾಲಯ ವಿಜ್ಞಾನದ ಡಿಗ್ರಿಗೆ ಸೇರಿದ್ದೇನೆ.

ನನ್ನ ಕಾರ್ಡು ಇರಲಿ. ಯಾವ ಪುಣ್ಯಾತ್ಗಿತ್ತಿ ಬೇಕಾದರೂ ಓದಲಿ, ನನ್ನ ಅಭ್ಯಂತರವಿಲ್ಲ. ಯಾರೆಂದು ಕೇಳುವುದೂ ಇಲ್ಲ. ಯಾರು ಏನು ಓದುತ್ತಾರೆಂಬುದು ನಮ್ಮ ಮೇಜಿನಿಂದಾಚೆ ಹೋಗಬಾರದು ಎಂದು ಮೊದಲ ದಿನವೇ ನನ್ನ ಕಿವಿ ಹಿಂಡಿದವರು ನೀವು.

ನಿಮ್ಮ
ರತ್ನಾಕರ

ಮುಂಬಯಿ
20 ಜನವರಿ 2001

ವನಜಕ್ಕ,

ಮದುವೆಗೆ ನೀವು ಬಂದು ಹರಸಿದ್ದು ಬಹಳ ಖುಷಿಯಾಯಿತು. ಮೂರೇ ವಾರದ ರಜೆ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯಿತು. ವಿನಯಾ ಹಾಲಾಡಿಯ ಮನೆಯಲ್ಲೇ ಇದ್ದಾಳೆ. ಇಲ್ಲಿ ನಾಲ್ಕು ಜನ ಸೇರಿ ಒಂದು ಕೋಣೆಯಲ್ಲಿರುವ ನಾನು ಅವಳನ್ನು ಕರೆತಂದು ಎಲ್ಲಿಡಲಿ? ಅಲ್ಲಿ ಅಮ್ಮ ಇದ್ದಾರೆ, ಅಣ್ಣ ಅತ್ತಿಗೆ ಇದ್ದಾರೆ. ಒಂದೆರಡು ವರ್ಷದಲ್ಲಿ ಏನಾದರೂ ಮಾಡಬೇಕು.

ಒಂದೇ ಸಣ್ಣ ಬೇಸರ. ಬೈಂದೂರಿನಲ್ಲಿ ಪಿಯುಸಿ ಮಾಡಿದ ಹುಡುಗಿ, ಓದುವ ಹವ್ಯಾಸವಿರಬಹುದು ಎಂದುಕೊಂಡಿದ್ದೆ. ಮೊದಲ ವಾರವೇ, ಊಟಕ್ಕೆ ಕೂತಾಗ, "ಪುಸ್ತಕ ಗಿಸ್ತಕ ಓದ್ತ್ಯಾ?" ಎಂದು ಕೇಳಿದೆ. ಬಡಿಸುತ್ತಿದ್ದ ಅಮ್ಮನ ಕಡೆ ನೋಡಿ "ಇಲ್ಲೆ" ಎಂದಳು. ಗ್ರಂಥಪಾಲಕನ ಹೆಂಡತಿ ಓದುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ.

ನಿಮ್ಮ
ರತ್ನಾಕರ

ಕುಂದಾಪುರ
9 ಸೆಪ್ಟೆಂಬರ್ 2003

ರತ್ನಾಕರ,

ಈ ಕಾಗದ ಸಿಕ್ಕಿದ ಕೂಡಲೇ ಹೊರಟು ಬಾ. ಜೂನ್ ಕೊನೆಗೆ ಬಂದು ಹೋಗುವಾಗ ಚೌತಿಗೆ ಬರುತ್ತೇನೆ ಎಂದಿದ್ದವನು ಬರಲಿಲ್ಲ. ರಜೆ ಇಲ್ಲ ಗಿಜೆ ಇಲ್ಲ ಎಂದು ನನ್ನ ಹತ್ತಿರ ಹೇಳಬೇಡ. ನಾಲ್ಕು ದಿನಕ್ಕಾದರೂ ಬಾ. ಕಾರಣ ಕೇಳಬೇಡ, ನಾನು ಬರೆಯುವಂತಿಲ್ಲ. ಬಂದರೆ ನಿನಗೇ ತಿಳಿಯುತ್ತದೆ. ಗ್ರಂಥಾಲಯದ ಕಡೆ ಬರದಿದ್ದರೂ ಪರವಾಗಿಲ್ಲ, ನೇರ ಮನೆಗೆ ಹೋಗು.

ಇಷ್ಟು ವರ್ಷದಲ್ಲಿ ನಾನು ನಿನ್ನಿಂದ ಏನನ್ನೂ ಕೇಳಿದವಳಲ್ಲ. ಇದೊಂದು ಕೇಳುತ್ತಿದ್ದೇನೆ ಮಾರಾಯ.

ವನಜ

ಮುಂಬಯಿ
14 ನವೆಂಬರ್ 2003

ವನಜಕ್ಕ,

ಉತ್ತರ ತಡವಾಯಿತು, ಕ್ಷಮಿಸಿ. ಕಂಪನಿ ನನ್ನನ್ನು ಎರಡು ತಿಂಗಳು ಪುಣೆಗೆ ಕಳಿಸಿತ್ತು, ನಿಮ್ಮ ಕಾಗದ ಇಲ್ಲಿ ಕೋಣೆಯಲ್ಲೇ ಬಿದ್ದಿತ್ತು. ಓದಿ ಮೊದಲು ಹೆದರಿದೆ. ಮನೆಗೆ ಫೋನ್ ಮಾಡಿದರೆ ಎಲ್ಲರೂ ಸೌಖ್ಯ ಎಂದರು. ವಿನಯಾ ಕೂಡ ಎರಡು ಮಾತಾಡಿದಳು. ಸ್ವಲ್ಪ ಸುಸ್ತಿತ್ತು, ಈಗ ಅಡ್ಡಿಲ್ಲ ಎಂದಳು.

ಆಮೇಲೆ ಹೊಳೆಯಿತು. ಈ ವರ್ಷ ನಿಮ್ಮ ಸ್ಟಾಕ್ ತಪಾಸಣೆಯ ವರ್ಷವಲ್ಲವೇ? ಒಂಬತ್ತು ಸಾವಿರ ಪುಸ್ತಕ ಒಬ್ಬರೇ ಇಳಿಸಿ ಹತ್ತಿಸುವುದು ಹೇಗೆಂದು ಕರೆದಿರಬೇಕು. ಬಾಯಿಬಿಟ್ಟು ಹೇಳಲು ನಿಮಗೆ ಸ್ವಾಭಿಮಾನ. ಕಾಲೇಜಿನ ನಾಲ್ಕು ಮಕ್ಕಳನ್ನು ಹಿಡಿಯಿರಿ, ವಾರದಲ್ಲಿ ಮುಗಿಯುತ್ತದೆ. ಮನೆಗೆ ಹೋಗು ಎಂದದ್ದು ಅಮ್ಮನನ್ನು ನೋಡಲಿ ಎಂದಿರಬೇಕು. ಯುಗಾದಿಗೆ ಖಂಡಿತ ಬರುತ್ತೇನೆ.

ನಿಮ್ಮ
ರತ್ನಾಕರ

ಕುಂದಾಪುರ
1 ಡಿಸೆಂಬರ್ 2003

ರತ್ನಾಕರ,

ಸ್ಟಾಕ್ ತಪಾಸಣೆ ಮುಗಿಯಿತು. ನೀನು ಬರುವ ಅಗತ್ಯ ಈಗ ಇಲ್ಲ.

ಹೆಂಡತಿಯನ್ನು ಮುಂಬಯಿಗೆ ಕರೆದುಕೊಂಡು ಹೋಗು. ಕೋಣೆ ಚಿಕ್ಕದಾದರೆ ಇಬ್ಬರೂ ಚಿಕ್ಕದಾಗಿ ಬದುಕಿ.

ವನಜ

ಮುಂಬಯಿ
3 ಮಾರ್ಚ್ 2009

ವನಜಕ್ಕ,

ಈ ಬಾರಿ ಕಾಗದದ ತಲೆಯ ಮೇಲೆ ಏನು ಅಚ್ಚಾಗಿದೆ ನೋಡಿ. 'ಗ್ರಂಥಾಲಯ ಮತ್ತು ಮಾಹಿತಿ ಸಲಹೆಗಾರ.' ಕಂಪನಿ ಬಿಟ್ಟು ಒಂದು ವರ್ಷವಾಯಿತು. ಮೂರು ಕಾಲೇಜು, ಒಂದು ಆಸ್ಪತ್ರೆ, ಈಗ ನಮ್ಮ ಕುಂದಾಪುರ! ಸಮಿತಿಯ ಕಾರ್ಯದರ್ಶಿ ರಾಘವೇಂದ್ರರು ಕರೆದು, "ನಮ್ಮೂರ ಮಾಣಿ ಇರುಕಾರೆ ಹೊರಗಿನೋರ್ ಎಂತಕ್ಕೆ" ಎಂದರು. ಗ್ರಂಥಾಲಯವನ್ನು ಕಂಪ್ಯೂಟರಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ನೀವು ಖುಷಿಪಡುತ್ತೀರಿ ಎಂದುಕೊಂಡಿದ್ದೇನೆ.

ನಿಮ್ಮ ಹಳೆಯ ಲೆಡ್ಜರುಗಳನ್ನು ಇಬ್ಬರು ಹುಡುಗಿಯರು ಟೈಪು ಮಾಡಿ ಕಳಿಸಿದರು. ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಪುಟ, ಕೊಟ್ಟ ತಾರೀಕು, ಬಂದ ತಾರೀಕು, ಒಂದು ಸಾಲೂ ಬಿಟ್ಟಿಲ್ಲ. ನಿಮ್ಮಂಥ ಗ್ರಂಥಪಾಲಕಿಯನ್ನು ಮುಂಬಯಿಯಲ್ಲೂ ಕಂಡಿಲ್ಲ. ಆದರೆ 612 ಸದಸ್ಯರಲ್ಲಿ 143 ಮಂದಿ ಊರಲ್ಲೇ ಇಲ್ಲ, ಅವರ ಕಾರ್ಡಿನಲ್ಲಿ ಪುಸ್ತಕ ಹೋಗುತ್ತಲೇ ಇದೆ. ಮುಂಬಯಿಗೆ ಹೋದವರ ಕಾರ್ಡುಗಳು, ನೆನಪಿದೆ. ಆ ಕಾಲಕ್ಕೆ ನೀವು ಮಾಡಿದ್ದು ಸರಿಯೇ. ಈಗ 2009, ಹೆಂಗಸರು ತಮ್ಮ ಹೆಸರಿನಲ್ಲೇ ಸದಸ್ಯರಾಗಲಿ. ಗಂಡನ ಹೆಸರಿನ ಹಿಂದೆ ಅಡಗಿ ಏಕೆ ಓದಬೇಕು?

ಅದಕ್ಕೆ ಎಲ್ಲ ಸದಸ್ಯರ ಮನೆ ವಿಳಾಸಕ್ಕೂ ಒಂದು ಪತ್ರ ಹೋಗುತ್ತದೆ, ಜೊತೆಗೆ ಅವರ ಕಾರ್ಡಿನಲ್ಲಿ ಹೋದ ಪುಸ್ತಕಗಳ ಪಟ್ಟಿ. ಸರಿಯಿದ್ದರೆ ಸಹಿ ಹಾಕಿ ಕಳಿಸಬೇಕು. ಸಹಿ ಬಾರದ ಕಾರ್ಡು ರದ್ದು. ಎಲ್ಲ ಕಡೆ ನಾನು ಹೀಗೇ ಮಾಡುವುದು.

ನಿಮ್ಮ
ರತ್ನಾಕರ

ಕುಂದಾಪುರ
11 ಮಾರ್ಚ್ 2009

ರತ್ನಾಕರ,

ಪತ್ರ ಕಳಿಸಬೇಡ. ಕಳಿಸಲೇಬೇಕಾದರೆ ಪಟ್ಟಿ ಕಳಿಸಬೇಡ. ನಿನಗೆ ತಲೆ ಕೆಟ್ಟಿದೆಯಾ?

ಹೆಂಗಸರು ತಮ್ಮ ಹೆಸರಿನಲ್ಲೇ ಓದಬೇಕು ಎಂಬುದು ನನಗೂ ಬೇಕಾದ್ದೇ, ನಿನಗಿಂತ ಮೊದಲೇ ಬೇಕಾಗಿತ್ತು. ನನಗೆ ಒಂದು ವರ್ಷ ಕೊಡು. ಒಬ್ಬೊಬ್ಬರನ್ನೇ ಕರೆದು ಅರ್ಜಿ ಬರೆಸುತ್ತೇನೆ, ಜಾಮೀನಿಗೆ ನಾನೇ ಸಹಿ ಹಾಕುತ್ತೇನೆ. ಕಂಪ್ಯೂಟರಿಗೆ ಅಷ್ಟೂ ತಾಳ್ಮೆ ಇಲ್ಲವಾ? ನೀನು ಕಳಿಸುವ ಲಕೋಟೆಯನ್ನು ಮನೆಯಲ್ಲಿ ಮೊದಲು ಒಡೆಯುವವರು ಯಾರು, ಯೋಚನೆ ಮಾಡಿದ್ದೀಯಾ? ಗಂಡಸಿನ ಹೆಸರಿಗೆ ಬಂದ ಲಕೋಟೆಯನ್ನು ಗಂಡಸರೇ ಒಡೆಯುತ್ತಾರೆ. ಹನ್ನೆರಡು ವರ್ಷ ಒಬ್ಬಾಕೆ ಏನೇನು ಓದಿದಳೋ ಅದೆಲ್ಲ ಚಾವಡಿಯಲ್ಲಿ ಕೂತವರ ಬಾಯಲ್ಲಿ ಬರುತ್ತದೆ.

ಕೈಮುಗಿದು ಕೇಳುತ್ತೇನೆ, ನಿಲ್ಲಿಸು.

ವನಜ

ಮುಂಬಯಿ
6 ಜೂನ್ 2009

ವನಜಕ್ಕ,

ನಿಮ್ಮ ಕಾಗದ ಕೈಸೇರುವ ಮೊದಲೇ ಪತ್ರಗಳು ಅಂಚೆಗೆ ಬಿದ್ದಿದ್ದವು. ಇರಲಿ. ನಾನು ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ, ಬರೆಯಲು ಕೈ ಬರುವುದಿಲ್ಲ.

ನನ್ನ ಹೆಸರಿನ ಪತ್ರವೂ ಹಾಲಾಡಿ ಮನೆಗೆ ಹೋಗಿತ್ತು. ಅಣ್ಣ ಒಡೆದು ನೋಡಿ ನನಗೆ ಫೋನ್ ಮಾಡಿದ. 2001ರಿಂದ ಈಚೆಗೆ ನನ್ನ ಕಾರ್ಡಿನಲ್ಲಿ 228 ಪುಸ್ತಕ! "ಹ್ವಾಯ್, ನೀ ಮುಂಬಯಂಗೆ ಕೂಕಂಡ್ ಬಸ್ರಿ ಹೆಂಗ್ಸ್ರ್ ಆರೈಕೆ ಪುಸ್ತಕ ಓದಿದ್ದಾ?" ಎಂದು ಫೋನಿನಲ್ಲೇ ಪಟ್ಟಿ ಓದಿದ. ಮನೆಯವರೆಲ್ಲ ನಗುವುದು ಇಲ್ಲಿಗೆ ಕೇಳುತ್ತಿತ್ತು. ನನಗೂ ನಗು ತಡೆಯಲಿಲ್ಲ. ಫೋನ್ ಇಟ್ಟ ಮೇಲೆ ನಗು ನಿಂತಿತು.

ನಮ್ಮ ಮನೆಯಲ್ಲಿ ಓದುವವರು ಯಾರೂ ಇಲ್ಲ. ಕಟ್ಟು ಹೋಗುತ್ತಿದ್ದ ಪದ್ದುವಿನ ಅಂಗಡಿಗೆ ಅಣ್ಣ ಹೋಗಿ ವಿಚಾರಿಸಿದ. "ನಂಗೆಂತ ಗೊತ್ತಿಲ್ಲ, ನಾ ಬಳಿ ಮಾರುದ್ ಮಾತ್ರ" ಎಂದಳಂತೆ. ಹಾಗಾದರೆ ಈ ಸಾಲುಗಳನ್ನು ಬರೆದದ್ದು ಯಾರು? ಪಟ್ಟಿಗೆ ತಲೆಬುಡ ಇಲ್ಲ. ಮೊದಲು ಬರೀ ಕಥೆ. 2003ರ ಆಗಸ್ಟಿನಲ್ಲಿ ಬಸುರಿಯರ ಆರೈಕೆ, ಅದೂ ವಾರದಲ್ಲಿ ವಾಪಸ್, ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಮತ್ತೆ ಹೊಲಿಗೆ, ಇಂಗ್ಲಿಷ್ ಕಲಿಕೆ, ಕಳೆದ ವರ್ಷ ಮದುವೆ ವಿಚ್ಛೇದನದ ಕಾನೂನು. ವರ್ಷದ ವರದಿಯಲ್ಲಿ ಹೆಚ್ಚು ತೋರಿಸಲು ಕೈಗೆ ಸಿಕ್ಕ ಪುಸ್ತಕದ ನಂಬರನ್ನೆಲ್ಲ ಬರೆದಂತಿದೆ. ನನ್ನ ಕಾರ್ಡೇ ಹೀಗಿದ್ದರೆ ಉಳಿದ 142ರ ಕಥೆ ಏನು?

ಇದು ಸುಳ್ಳು ಎಂದು ಬರೆಯಲು ನನಗೆ ಇಷ್ಟವಿಲ್ಲ. ನನ್ನ ಕಾರ್ಡಿನಲ್ಲಿ ಓದಿದ್ದು ಯಾರು ಎಂದು ಹೇಳಿ. ಒಂದು ಹೆಸರು ಸಾಕು, ಈ ಭಾಗವನ್ನು ಸಮಿತಿಗೆ ಕೊಡುವ ವರದಿಯಿಂದಲೇ ತೆಗೆದುಬಿಡುತ್ತೇನೆ.

ರತ್ನಾಕರ

ಕುಂದಾಪುರ
2 ಜುಲೈ 2009

ರತ್ನಾಕರ,

ಹೆಸರು ಹೇಳುವುದಿಲ್ಲ.

ಗಂಗೊಳ್ಳಿಯ ಜಲಜಳ ಸುದ್ದಿ ಹೇಳುತ್ತೇನೆ, ಅದು ಈಗ ಊರಿಗೆಲ್ಲ ಗೊತ್ತಿರುವುದರಿಂದ ಮುಚ್ಚಿಡಲು ಏನೂ ಉಳಿದಿಲ್ಲ. ನಿನ್ನ ಲಕೋಟೆಯನ್ನು ಅವಳ ಮೈದುನ ಒಡೆದ. ಐಸ್ ಪ್ಲಾಂಟಿನ ಎದುರು ಬೋಟಿನವರ ನಡುವೆ ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದಿದನಂತೆ, ಒಂದೊಂದು ಹೆಸರಿಗೂ ಒಂದೊಂದು ಗೇಲಿ. ಪ್ರೇಮದ ಕಥೆ ಬಂದಲ್ಲೆಲ್ಲ ಮುಂಬಯಿಯ ಅಣ್ಣನ ಹೆಸರು ಹೇಳಿ ಅಯ್ಯೋ ಪಾಪ ಎಂದನಂತೆ. ಮರುದಿನ ಜಲಜ ಬಂದಳು. ಕೈಯಲ್ಲಿದ್ದ ಎರಡು ಪುಸ್ತಕ ಮೇಜಿನ ಮೇಲಿಟ್ಟು, "ಇನ್ ಬ್ಯಾಡ ವನಜಕ್ಕ, ಸಾಕಾಯ್ತ್" ಎಂದಳು. ಹೊಸ ಅರ್ಜಿ ತೋರಿಸಿದರೆ ಮುಟ್ಟಲಿಲ್ಲ. ಹನ್ನೆರಡು ವರ್ಷ ಹದಿನೈದು ದಿನಕ್ಕೊಮ್ಮೆ ದೋಣಿ ದಾಟಿ ಬರುತ್ತಿದ್ದವಳು. ಅವಳು ಹೋದ ಮೇಲೆ ನಾನು ಅತ್ತೆ, ನಿನಗೆ ಗೊತ್ತಿರಲಿ.

ಹಾಲಾಡಿಗೆ ಹೋಗುತ್ತಿದ್ದ ಕಟ್ಟು ಈಗ ಇಲ್ಲ. ಬಚ್ಚ ಮಾತ್ರ ಅಭ್ಯಾಸಬಲದಿಂದ ಬಂದು ಬಾಗಿಲಲ್ಲಿ ನಿಂತು ಸುಮ್ಮನೆ ಹೋಗುತ್ತಾನೆ.

ನಾನು ಸುಳ್ಳು ಬರೆಯುತ್ತೇನೆ ಎಂದು ನಿನಗೆ ಅನ್ನಿಸಿತಲ್ಲ, ಅದು ನೋಯುತ್ತದೆ. ಆರು ವರ್ಷ ನನ್ನ ಎದುರಿಗೆ ಕೂತು ಕಲಿತವನು ನೀನು. ಆದರೂ ಹೆಸರು ಹೇಳುವುದಿಲ್ಲ. ನಿನಗೆ ಹೇಳಿದರೆ ನಾಳೆ ನಿನ್ನ ಅಣ್ಣನಿಗೆ ಹೇಳಬೇಕು, ನಾಡಿದ್ದು ಸಮಿತಿಗೆ. ಏನು ಬರೆಯುತ್ತೀಯೋ ಬರಿ.

ವನಜ

ಮುಂಬಯಿ
12 ಅಕ್ಟೋಬರ್ 2009

ಮಾನ್ಯರೆ,

ಸದಸ್ಯತ್ವ ಪರಿಶೀಲನೆಯ ಕುರಿತು ನಾನು ಸಲ್ಲಿಸಿದ ವರದಿಯನ್ನು ಗ್ರಂಥಾಲಯ ಸಮಿತಿ ಅಂಗೀಕರಿಸಿದೆ. ಲೆಡ್ಜರಿನಲ್ಲಿ ದೃಢಪಡದ ನಮೂದುಗಳಿರುವುದರಿಂದ ತಮ್ಮನ್ನು ಗ್ರಂಥಪಾಲಕಿಯ ಹುದ್ದೆಯಿಂದ ಬಿಡುಗಡೆ ಮಾಡಲು ಸಮಿತಿ ತೀರ್ಮಾನಿಸಿದೆ. ಬೀಗದ ಕೈಗಳನ್ನು ಮತ್ತು ಕ್ಯಾಟಲಾಗನ್ನು ಹೊಸ ಗ್ರಂಥಪಾಲಕರಾದ ಪ್ರವೀಣ್ ಅವರಿಗೆ ಒಪ್ಪಿಸಬೇಕಾಗಿ ಕೋರಿಕೆ. ಪರಿಶೀಲನೆಯ ನಂತರ ಸದಸ್ಯರ ಸಂಖ್ಯೆ 478. ಸ್ವಂತ ಹೆಸರಿನಲ್ಲಿ ಹೊಸದಾಗಿ ಸೇರಿದ ಮಹಿಳೆಯರು 9.

ಇತಿ,
ರತ್ನಾಕರ
ಗ್ರಂಥಾಲಯ ಮತ್ತು ಮಾಹಿತಿ ಸಲಹೆಗಾರ

(ಕೈಬರಹದಲ್ಲಿ) ವನಜಕ್ಕ, ಒಂದು ಹೆಸರು ಹೇಳಿದ್ದರೆ ಇದು ಆಗುತ್ತಿರಲಿಲ್ಲ.

ಹಾಲಾಡಿ
21 ಫೆಬ್ರವರಿ 2010

ವನಜಕ್ಕ,

ನೀವು ಕುಂದಾಪುರದ ಬಾಡಿಗೆ ಮನೆ ಬಿಟ್ಟು ಬ್ರಹ್ಮಾವರದಲ್ಲಿ ತಂಗಿಯ ಮನೆಗೆ ಹೋಗಿದ್ದೀರಿ ಎಂದು ಬಚ್ಚನಿಂದ ತಿಳಿಯಿತು. ಈ ಕಾಗದವನ್ನು ಒಡೆಯದೆ ಒಲೆಗೆ ಹಾಕಿದರೂ ನಾನು ಬೇಸರಪಡುವಂತಿಲ್ಲ.

ಹೋದ ವಾರ ಊರಿಗೆ ಬಂದೆ. ರಾತ್ರಿ ಊಟಕ್ಕೆ ಬಡಿಸುತ್ತ ವಿನಯಾ ಕೇಳಿದಳು, "ವನಜಕ್ಕನ್ನ ಕೆಲ್ಸದಿಂದ ತೆಗ್ದದ್ದ್ ಹೌದಾ?" ಹೌದು, ಸುಳ್ಳು ಬರೆದದ್ದಕ್ಕೆ ಎಂದೆ. ಅವಳು ಪಾತ್ರೆ ಕೆಳಗಿಟ್ಟಳು. "ಅದ್ ಸುಳ್ಳಲ್ಲ. ಅಷ್ಟೂ ಪುಸ್ತಕ ಓದಿದ್ದ್ ನಾನ್" ಎಂದಳು. ಅಮ್ಮ, ಅಣ್ಣ, ಅತ್ತಿಗೆ ಎಲ್ಲರೂ ಅಲ್ಲೇ ಇದ್ದರು.

ಕೋಣೆಗೆ ಬಂದ ಮೇಲೆ, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನೀವ್ ಕೇಂಡದ್ದ್ ಒಂದೇ ಸಲ, ಅದೂ ಅತ್ತಿ ಎದ್ರಿಗೆ. ಮತ್ತೆ ಕೇಂಡದ್ದೇ ಇಲ್ಲ" ಎಂದಳು. ಮೊದಲ ವರ್ಷ ಬಳೆ ಕೊಳ್ಳಲು ಹೋದಾಗ ಪದ್ದುವಿನ ಅಂಗಡಿಯಲ್ಲಿ ಕಟ್ಟು ಬಿಚ್ಚುವುದನ್ನು ಕಂಡಳಂತೆ. ಪದ್ದು ಅವಳ ಆಸೆಯನ್ನು ನಿಮಗೆ ಹೇಳಿಕಳಿಸಿದಳು, ನೀವು ನನ್ನ ಕಾರ್ಡಿನಲ್ಲಿ ಕಳಿಸಿದಿರಿ. ಪುಸ್ತಕಗಳನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಟ್ಟೆಯ ಅಡಿಗೆ ಇಡುತ್ತಿದ್ದಳಂತೆ. ನಾನು ಒಂಬತ್ತು ವರ್ಷ ಆ ಕೋಣೆಯಲ್ಲಿ ಮಲಗಿ ಎದ್ದು ಹೋಗಿದ್ದೇನೆ.

2003ರದ್ದನ್ನೂ ಹೇಳಿದಳು. "ಹತ್ತ್ ವಾರ ಆಯಿತ್ತ್. ಚೌತಿಗೆ ನೀವ್ ಬಂದಾಗ ಹೇಳುವ ಅಂದ್ಕಂಡಿದ್ದೆ. ನೀವ್ ಬರ್ಲಿಲ್ಲ. ಅದೂ ಉಳೀಲಿಲ್ಲ." ನಿಮ್ಮ ಆ ಕಾಗದ ನನಗೆ ಆಗ ಅರ್ಥವಾಯಿತು ವನಜಕ್ಕ. ಸ್ಟಾಕ್ ತಪಾಸಣೆ ಎಂದು ಬರೆದ ಕೈಯನ್ನು ಕತ್ತರಿಸಿಕೊಳ್ಳಬೇಕು ಅನ್ನಿಸಿತು. "ಬಾವ ಪಟ್ಟಿ ಓದುವತಿಗೆ ನಾನ್ ಎಲ್ರಿಗೂ ಚಾ ತಂದ್ ಕೊಡ್ತಿದ್ದೆ. ಫೋನಗೆ ನೀವ್ ನೆಗ್ಯಾಡದ್ದ್ ನಂಗೂ ಕೇಂಡಿತ್" ಎಂದಳು. ಅಷ್ಟು ಹೇಳುವಾಗಲೂ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ನಿಮಗೆ ಹೇಳದೆ ಬಿಡಲಾರೆ. ಪೆಟ್ಟಿಗೆಯಿಂದ ಆ ಪಟ್ಟಿಯನ್ನು ತೆಗೆದು ಅವಳ ಎದುರು ಕೂತು, ಒಂದೊಂದು ಪುಸ್ತಕಕ್ಕೂ ಬೆರಳಿಟ್ಟು ಇದು ಏಕೆ, ಇದು ಏಕೆ ಎಂದು ಕೇಳಿದೆ. ಅವಳನ್ನು ಅರಿಯಲು ಬೇರೆ ದಾರಿ ನನಗೆ ತೋಚಲಿಲ್ಲ. ಸುಮಾರು ಹೊತ್ತು ಉತ್ತರ ಕೊಟ್ಟಳು. ವಿಚ್ಛೇದನದ ಕಾನೂನಿನ ಪುಸ್ತಕಕ್ಕೆ ಬಂದಾಗ, "ನೀವ್ ಇಷ್ಟೆಲ್ಲ ಓದಿದವ್ರಲ್ದಾ, ಇದೂ ಓದಿ ಕಾಣಿ" ಎಂದು ಎದ್ದಳು. ಬೆಳಗಿನ ಮೊದಲ ಬಸ್ಸಿಗೆ ಬೈಂದೂರಿನ ತಾಯಿ ಮನೆಗೆ ಹೋದಳು. ಫೋನ್ ಎತ್ತುತ್ತಿಲ್ಲ.

ಎರಡು ಮಾತು ಕೇಳುತ್ತೇನೆ. ಒಂದು, ಸಮಿತಿಗೆ ಹೊಸ ವರದಿ ಕೊಡುತ್ತೇನೆ. ನನ್ನ ಕಾರ್ಡಿನಲ್ಲಿ ಓದಿದ್ದು ನನ್ನ ಹೆಂಡತಿ ವಿನಯಾ ಎಂದು ಹೆಸರು ಹಾಕಿ ಬರೆಯುತ್ತೇನೆ. ನಿಮ್ಮ ಕೆಲಸ ನಿಮಗೆ ವಾಪಸ್ ಬರುತ್ತದೆ, ರಾಘವೇಂದ್ರರ ಹತ್ತಿರ ಮಾತಾಡಿದ್ದೇನೆ. ಎರಡು, ಅವಳು ನಿಮ್ಮನ್ನು ನೋಡಲು ಬ್ರಹ್ಮಾವರಕ್ಕೆ ಬರುತ್ತಾಳಂತೆ, ಬಚ್ಚ ಹೇಳಿದ. ನಿಜವಾ? ಈಗ ಏನು ಓದುತ್ತಿದ್ದಾಳೆ? ಅದೊಂದು ಗೊತ್ತಾದರೆ ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬಹುದು.

ರತ್ನಾಕರ

ಬ್ರಹ್ಮಾವರ
8 ಮಾರ್ಚ್ 2010

ರತ್ನಾಕರ,

ಕಾಗದವನ್ನು ಒಲೆಗೆ ಹಾಕಲಿಲ್ಲ. ಮೂರು ಸಲ ಓದಿದೆ. ಎರಡು ಸಲ ಸಿಟ್ಟು ಬಂತು, ಮೂರನೆಯ ಸಲ ನಿನ್ನ ಮೇಲೆ ಅಯ್ಯೋ ಅನ್ನಿಸಿತು.

ಹೊಸ ವರದಿ ಬರೆಯಬೇಡ. ಬರೆದರೆ ನಿನ್ನ ಮುಖ ನೋಡುವುದಿಲ್ಲ. ಅವಳ ಹೆಸರನ್ನು ಸಮಿತಿಯ ಮೇಜಿನ ಮೇಲಿಟ್ಟು ನನ್ನ ಕುರ್ಚಿ ಬಿಡಿಸಿಕೊಡುತ್ತೀಯಾ? ಚಾವಡಿಯಲ್ಲಿ ಓದಿದ್ದು ಸಾಲದೆಂದು ಆಫೀಸಿನಲ್ಲೂ ಓದಬೇಕಾ? ಆ ಕುರ್ಚಿ ನನಗೆ ಬೇಕು, ಇಲ್ಲ ಎಂದರೆ ಸುಳ್ಳು. ಬೆಳಿಗ್ಗೆ ಒಂಬತ್ತೂವರೆಗೆ ಈಗಲೂ ಕೈ ತಾನಾಗಿ ಬೀಗದ ಕೈ ಹುಡುಕುತ್ತದೆ. ಆದರೆ ಆ ಬೆಲೆಗೆ ಬೇಡ.

ನನ್ನ ತಪ್ಪೂ ಇದೆ, ಅದನ್ನು ಬರೆಯದೆ ನಿನಗೆ ಬುದ್ಧಿ ಹೇಳಲು ನನಗೆ ಬಾಯಿಲ್ಲ. 2003ರಲ್ಲಿ 'ವಿನಯಾಗೆ ಹುಷಾರಿಲ್ಲ' ಎಂದು ಎರಡೇ ಪದ ಬರೆದಿದ್ದರೆ ನೀನು ಬರುತ್ತಿದ್ದೆ. ಪುಸ್ತಕ ವಾಪಸ್ ಬಂದ ದಿನ ಪದ್ದು ಎಲ್ಲ ಹೇಳಿಕಳಿಸಿದ್ದಳು, ನನಗೆ ಗೊತ್ತಿತ್ತು. ಓದುಗರ ಗುಟ್ಟು ಮೇಜಿನಿಂದಾಚೆ ಹೋಗಬಾರದು ಎಂದು ಕೂತೆ. ಒಬ್ಬಳು ಹೆಂಗಸು ಅಲ್ಲಿ ಒಂಟಿಯಾಗಿ ನೋಯುತ್ತಿದ್ದಾಗ ನಾನು ನಿಯಮ ಕಾದೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಇನ್ನೊಂದು, ಆ ಲೆಡ್ಜರ್ ಬರೆದವಳು ನಾನೇ. ಪುಸ್ತಕ ವಾಪಸ್ ಬಂದ ಮೇಲೆ ಯಾರು ಒಯ್ದಿದ್ದರು ಎಂಬ ಸಾಲು ಯಾರಿಗೆ ಬೇಕಿತ್ತು? ಹೊಡೆದುಹಾಕಬಹುದಿತ್ತು. ವರ್ಷದ ಕೊನೆಗೆ ಸಮಿತಿಯ ಮುಂದೆ ಇಷ್ಟು ಸಾವಿರ ಪುಸ್ತಕ ಹೋಗಿದೆ ಎಂದು ತೋರಿಸಿ ಬೀಗುವುದು ನನಗೆ ಇಷ್ಟವಾಗಿತ್ತು. ನೀನು ಅಂಚೆಗೆ ಹಾಕಿದ್ದು ನನ್ನ ಅಕ್ಷರವನ್ನೇ.

ಇಲ್ಲಿ ತಂಗಿಯ ಮನೆಯ ಜಗಲಿಯಲ್ಲಿ ನನ್ನ ಸ್ವಂತದ ಇನ್ನೂರು ಪುಸ್ತಕ ಇಟ್ಟಿದ್ದೇನೆ. ಬಂದವರು ಒಯ್ಯುತ್ತಾರೆ, ತರುತ್ತಾರೆ. ಏನೂ ಬರೆದಿಡುವುದಿಲ್ಲ. ನಾಲ್ಕಾರು ಪುಸ್ತಕ ವಾಪಸ್ ಬಂದಿಲ್ಲ, ಬಾರದಿದ್ದರೆ ಬೇಡ.

ವಿನಯಾ ಇಲ್ಲಿಗೆ ಬರುತ್ತಾಳಾ, ಏನು ಓದುತ್ತಿದ್ದಾಳೆ ಎಂದು ಕೇಳಿದ್ದೀ. ಇಷ್ಟಾದ ಮೇಲೂ ಅದನ್ನೇ ಕೇಳಿದ್ದೀಯಲ್ಲ ಮಾರಾಯ. ಹೇಳುವುದಿಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವಳ ಪುಸ್ತಕ ಬೇಡ, ಅವಳನ್ನೇ ಕೇಳು. ಕೇಳಿ ಸುಮ್ಮನೆ ಕೂರು. ಉತ್ತರ ಕೊಡದಿದ್ದರೆ ಅದನ್ನೂ ಸಹಿಸು.

ನೀನು ಮುಂಬಯಿಯಿಂದ ನನಗೆ ಬರೆದ ಕಾಗದಗಳೆಲ್ಲ ಇಲ್ಲಿ ಒಂದು ಚೀಲದಲ್ಲಿವೆ. ಹದಿಮೂರು ವರ್ಷದ್ದು. ಹೆಂಡತಿಗೆ ಎಷ್ಟು ಬರೆದಿದ್ದೀ ಎಂದು ನನಗೆ ಹೇಳಬೇಕಾಗಿಲ್ಲ, ನೀನೇ ಎಣಿಸಿಕೋ. ಬೈಂದೂರಿನ ವಿಳಾಸ ನಿನ್ನ ಹತ್ತಿರ ಇದೆ. ಇನ್ನು ನನಗೆ ಬರೆಯಬೇಡ.

ವನಜ